ಒಂದು ಬೆರಳಿನ ಸಂದು

ಭರಮಪ್ಪ ತಾನು ಬೆಸೆದ ಬಂಪರನ್ನು ಮೂರನೆಯ ಸಲ ಜೀಪಿನ ಮುಂದಕ್ಕೆ ಹಿಡಿದ. ಎಡಗಡೆ ಸರಿಯಾಗಿ ಕೂತಿತು. ಬಲಗಡೆ ಮತ್ತೆ ಒಂದು ಬೆರಳಿನ ಸಂದು ಉಳಿಯಿತು.

"ಕೊಯ್ದು ಮತ್ತ ವೆಲ್ಡಿಂಗ್ ಮಾಡೋ," ಅಂದ ಆಬಾಸಾಹೇಬ. "ಸೊಟ್ಟಗಣ್ಣಾಂವ ಈ ಕಸಬಿಗೆ ಯಾಕ ಬಂದಿ? ಗಡಹಿಂಗ್ಲಜದಾಗ ನಿನ್ನ ಅಂಗಡಿಗೆ ನಾಯಿ ಸೈತ ಬರದಂಗ ಮಾಡ್ತೀನಿ." ಆಸ್ತಿ ಪಾಲಾದಾಗ ಹಿಸೆಯಲ್ಲಿ ಬಾವಿಯ ಹೊಲ ತಾನಿಟ್ಟುಕೊಂಡು, ಒಂದು ಗೀರೂ ಬೀಳದ ಗಾಡಿಯೆಂದು ಆ ಜೀಪನ್ನು ತಮ್ಮ ಜಿನಗೊಂಡನಿಗೆ ಬಿಟ್ಟುಕೊಟ್ಟವನು ಅವನೇ.

ಭರಮಪ್ಪ ಗರಗಸ ಮುಟ್ಟಲಿಲ್ಲ. ಮನಸ್ಸಿನಲ್ಲಿ ಮನೆದೇವರು ಮಲ್ಲಯ್ಯನನ್ನು ನೆನೆದು, ಅಳತೆಗೆಂದು ಇಟ್ಟಿದ್ದ ಮಗ್ಗದ ನೂಲಿನ ಒಂದು ತುದಿಯನ್ನು ಪಕ್ಕದಲ್ಲಿ ನಿಂತಿದ್ದ ಜಿನಗೊಂಡನ ಕೈಗೆ ಕೊಟ್ಟ. ಜೀಪಿನ ಅಡಿಯ ಚೌಕಟ್ಟಿಗೆ ಅದನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ಎಳೆದು ಅಳತೆಗೆ ಗಂಟು ಹಾಕಿದ. ಅದೇ ಅಳತೆಯನ್ನು ಉಳಿದೆರಡು ಮೂಲೆಗೆ ಹಿಡಿದಾಗ ನೂಲು ಸಾಲಲಿಲ್ಲ; ಎರಡೂ ಓರೆ ಸಮವಿರಬೇಕಿತ್ತು.

"ಬಂಪರ್ ನೆಟ್ಟಗೈತ್ರಿ," ಅಂದ ದನಿ ಏರಿಸದೆ. "ಗಾಡಿ ಎಲ್ಲೋ ಜೋರ್ ಬಡದು ಚೌಕಟ್ಟ ಸೊಟ್ಟ ಆಗೇತಿ. ಮೊದಲ ಅದನ್ನ ಎಳದು ನೆಟ್ಟಗ ಮಾಡಬೇಕು."

"ಶಾಣ್ಯಾತನ ಸಾಕು," ಅಂದ ಆಬಾಸಾಹೇಬ. "ನಾ ಹಲಕರ್ಣಿ ಮೋರಿಗೆ ತಗಲಿಸಿದ್ದು ಅಷ್ಟೇನ ಜೋರ್ ಇರಲಿಲ್ಲ."

ಜಿನಗೊಂಡ ಅಣ್ಣನತ್ತ ನೋಡಲಿಲ್ಲ.

"ನೀ ಎಸ್.ಟಿ. ಬಸ್ ಹಿಡದು ಊರಿಗೆ ಹೋಗು," ಅಂದ ಅವನಿಗೆ.