ಚೆಂಡಿನ ಕೆಳಗೊಂದು ದೀಪ

"ಇದನ್ನ ನನ್ನ ತೊಡೆ ಮೇಲಿಂದ ತೆಗಿ, ಡೆಲ್. ಯಾರದೋ ಕೈ ನನಗ್ಯಾಕೆ?" ಎಂದ ನಾರ್ಬರ್ಟ್. ಹೇಳಿದ್ದು ತನ್ನದೇ ಎಡಗೈಯ ಬಗ್ಗೆ.

ಹೆಂಡತಿ ಡೆಲ್ಫೀನ್ ತಲೆ ಎತ್ತಲಿಲ್ಲ. ಗಂಡ ಎರಡು ಚಳಿಗಾಲ ನೆಲಮಾಳಿಗೆಯಲ್ಲಿ ಕೂತು ತಾನೇ ಮಾಡಿದ್ದ ಆಳೆತ್ತರದ ವಿಡಿಯೋ ಗೇಮ್ ಪೆಟ್ಟಿಗೆಯ ಮುಂದೆ ಮಂಡಿಯೂರಿ, ಅದರ ಹೊಟ್ಟೆಯೊಳಗೆ ಕೈ ತೂರಿಸಿಕೊಂಡಿದ್ದಳು. ಅವನಿಗೆ ಪಾರ್ಶ್ವವಾಯು ಬಡಿದು ನಾಲ್ಕು ತಿಂಗಳು. ಬುದ್ಧಿ ನೆಟ್ಟಗಿದೆ, ಮಾತು ಮೊದಲಿಗಿಂತ ಚುರುಕು. ಎಡಗಡೆಯ ಲೋಕ ಮಾತ್ರ ಅವನ ಪಾಲಿಗೆ ಇಲ್ಲ. ತಟ್ಟೆಯ ಎಡಕ್ಕಿರುವ ಪಿಯೆರೋಗಿ ಕಡುಬುಗಳು ಹಾಗೇ ಉಳಿಯುತ್ತವೆ, ಎಡಗೆನ್ನೆಯ ಗಡ್ಡ ಹಾಗೇ ಬೆಳೆಯುತ್ತದೆ. ನಲವತ್ತು ವರ್ಷ ಪ್ರತಿ ಗುರುವಾರ ಬೌಲಿಂಗ್ ಆಡಿದ ಎಡಚ ಅವನು. ಆ ಕೈ ಎಲ್ಲಿ ಹೋಯಿತು ಎಂದು ಕೇಳಿದರೆ, ಎಲ್ಲೋ ಆಡಲು ಹೋಗಿದೆ, ಆಸ್ಪತ್ರೆಯವರು ಅದರ ಬದಲು ಇನ್ಯಾರದೋ ಅಂಟಿಸಿ ಕಳಿಸಿದ್ದಾರೆ ಎನ್ನುತ್ತಾನೆ. ಮೊದಮೊದಲು ಅವಳಿಗೂ ನಗು ಬರುತ್ತಿತ್ತು.

ನಗು ನಿಂತದ್ದು ಮೂರು ವಾರದ ಹಿಂದೆ. ಅವಳು ಒಳಗೆ ಬಟ್ಟೆ ಮಡಚುತ್ತಿದ್ದಾಗ ಅಡುಗೆಮನೆಯಿಂದ ಅವನ ದನಿ ಬಂತು. ಕೂಗಿದ್ದೂ ಅಲ್ಲ, ಹೊರಗೆ ಹಿಮ ಬೀಳುತ್ತಿದೆ ಎಂದು ಹೇಳುವಷ್ಟೇ ತಣ್ಣಗೆ: "ಡೆಲ್, ಯಾರದೋ ಕೈ ಸುಡ್ತಾ ಇದೆ ನೋಡು." ಓಡಿ ಬಂದರೆ ಉರಿಯುವ ಒಲೆಯ ಅಂಚಿನಲ್ಲಿ ಅವನ ಎಡಗೈ. ಅಂದಿನಿಂದ ಅವಳು ಶಾಲೆಯ ಅಡುಗೆಮನೆಯ ಕೆಲಸಕ್ಕೆ ಹೋಗಿಲ್ಲ. ಆ ಕೈ ತನ್ನದೆಂದು ಅವನಿಗೆ ಅನ್ನಿಸುವವರೆಗೆ ಒಬ್ಬನನ್ನೇ ಬಿಡುವಂತಿಲ್ಲ, ಮನೆಯಲ್ಲಿ ನೋಡಿಕೊಳ್ಳಲು ಆಗದಿದ್ದರೆ ಆರೈಕೆ ಕೇಂದ್ರಕ್ಕೆ ಸೇರಿಸಿ ಎಂದು ವೈದ್ಯೆ ಕಡ್ಡಿ ಮುರಿದಂತೆ ಹೇಳಿದ್ದರು. ಶಾಲೆಯವರು ಸೋಮವಾರದವರೆಗೆ ಕಾಯುತ್ತೇವೆ ಎಂದಿದ್ದರು. ಇವತ್ತು ಭಾನುವಾರ.

ಎಡಗಡೆ ಏನಾದರೂ ಹೊಳೆಯುವುದನ್ನು ಇಟ್ಟು ನೋಡಿ, ಬೆಳಕಿಗಾದರೂ ಕತ್ತು ತಿರುಗೀತು ಎಂದು ವ್ಯಾಯಾಮ ಮಾಡಿಸಲು ಬರುವ ಹುಡುಗಿ ಹೇಳಿದಾಗ ಡೆಲ್ಫೀನ್‌ಗೆ ನೆನಪಾದದ್ದು ನೆಲಮಾಳಿಗೆಯ ಡ್ರಾಯರು. ಗೇಮ್ ಪೆಟ್ಟಿಗೆಯ ಮೇಲೆ ಅಂಗೈಯಿಂದ ಉರುಳಿಸಿ ಆಡುವ ಚೆಂಡೊಂದಿದೆ. ಅದರ ಬದಲು ಹಾಕಲೆಂದು ಅವನು ಬೆಳಕು ಹಾಯುವ ಹಾಲುಬಣ್ಣದ ಚೆಂಡನ್ನೂ, ಕೆಳಗೆ ಕೂರಿಸಲು ಎಲ್‌ಇಡಿ ದೀಪಗಳನ್ನೂ ಆ ಡ್ರಾಯರಿನಲ್ಲಿ ತಂದಿಟ್ಟಿದ್ದ. ಕೂರಿಸುವಷ್ಟರಲ್ಲಿ ಹಾಸಿಗೆ ಹಿಡಿದ.

ಹುಟ್ಟಿದಾರಭ್ಯ ಬೆಸುಗೆ ಹಾಕದವಳು ಇವತ್ತು ಹೊಸ ಚೆಂಡು ಕೂರಿಸಿ, ಬೆರಳು ಸುಟ್ಟುಕೊಂಡು ದೀಪಗಳಿಗೆ ಬೆಸುಗೆ ಹಾಕಿದಳು. ದೀಪ ಹತ್ತಲಿಲ್ಲ.

"ದೀಪದ ಉದ್ದದ ಕಾಲು ಪ್ಲಸ್ಸಿಗೆ ಅಂತ ಎಷ್ಟು ಸಲ ಹೇಳೋದು ಮಾರಾಯ್ತಿ?"

"ನಿನ್ನ ಬಾಯಿಗೊಂದು ಸ್ವಿಚ್ಚು ಇಟ್ಟಿದ್ರೆ ನಾನೂ ಬದುಕ್ತಿದ್ದೆ."

ತಿರುಗಿಸಿ ಹಾಕಿದ ಮೇಲೆ ಹತ್ತಿತು. ಆದರೆ ಯಾರೂ ಮುಟ್ಟದಿದ್ದರೂ ಪರದೆಯ ಮೇಲಿನ ಬಾಣ ಕುಣಿಯತೊಡಗಿತು. ನಾರ್ಬರ್ಟ್ ಕುರ್ಚಿಯಿಂದಲೇ ಕಾರಣ ಹೇಳಿದ. ಚೆಂಡು ಉರುಳುವುದನ್ನು ಗುರುತಿಸುವ ಸೆನ್ಸರಿಗೆ ಹೊಸ ದೀಪದ ಬೆಳಕು ಸೋರುತ್ತಿದೆ, ಸುತ್ತ ಕಪ್ಪು ಟೇಪು ಸುತ್ತಬೇಕು, ಬೆಳಕು ಮೇಲಕ್ಕಷ್ಟೇ ಹೋಗಬೇಕು. ಸುತ್ತಿದಳು, ಬಾಣ ನಿಂತಿತು. ಮುಚ್ಚಿದ ಪೆಟ್ಟಿಗೆಯೊಳಗೆ ದಾರಿ ತಪ್ಪಿದ ಎಳೆ ಬೆಳಕನ್ನು ಕೂತಲ್ಲೇ ಹಿಡಿಯುವವನಿಗೆ ತೊಡೆಯ ಮೇಲಿರುವ ಸ್ವಂತ ಕೈ ಸಿಗುವುದಿಲ್ಲವಲ್ಲ ಎಂದು ಅವಳಿಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು.

ಮಧ್ಯಾಹ್ನ ಮೂರು ಗಂಟೆಯಾದರೂ, ಕಿಟಕಿಯನ್ನು ಹಿಮ ಮುಚ್ಚಿದ್ದರಿಂದ ನೆಲಮಾಳಿಗೆಗೆ ಹಗಲಿನ ಬೆಳಕು ಬರುತ್ತಿರಲಿಲ್ಲ. ಅವಳು ಬಲ್ಬು ಆರಿಸಿ, ಪರದೆಯನ್ನೂ ಆರಿಸಿ, ಚೆಂಡು ಅವನ ಎಡಕ್ಕೆ ಬರುವಂತೆ ಕುರ್ಚಿ ತಳ್ಳಿದಳು. ಆ ಕೈಯ ಮಣಿಕಟ್ಟು ಹಿಡಿದೆತ್ತಿ ಚೆಂಡಿನ ಮೇಲಿಟ್ಟಳು. ಬೆಳಕು ಬೆರಳ ಸಂದುಗಳಿಂದ ಮೇಲೆ ಬಂತು, ಬೆರಳುಗಳ ಅಂಚು ಕೆಂಪಗಾಯಿತು.

ನಾರ್ಬರ್ಟ್‌ನ ಕತ್ತು ನಿಧಾನವಾಗಿ ಎಡಕ್ಕೆ ಹೊರಳಿತು. ನಾಲ್ಕು ತಿಂಗಳಲ್ಲಿ ಯಾರೂ ಹೇಳದೆ ಹೊರಳಿದ್ದು ಅದೇ ಮೊದಲು.

"ಯಾರಿವನು?"

"ನೀನೇ ನೋಡಿ ಹೇಳು."

ಅವನು ಬಗ್ಗಿದ. ಸೈಕಲ್ ಕೊಳ್ಳುವವನ ಹಾಗೆ ಪರೀಕ್ಷಿಸಿದ. "ಹೆಬ್ಬೆರಳಿನ ಪಕ್ಕ ಜಡ್ಡುಗಟ್ಟಿದೆ. ಬೌಲಿಂಗ್ ಆಡೋನು. ಎಡಚ." ಅವನ ಕಣ್ಣು ಬೆರಳಿಂದ ಬೆರಳಿಗೆ ದಾಟಿ, ಕಿರುಬೆರಳ ಪಕ್ಕದ ಗುಲಾಬಿ ಕಲೆಯ ಮೇಲೆ ನಿಂತಿತು.

"ಡೆಲ್, ಇದನ್ನ ನಾನು ಯಾವಾಗ ಸುಟ್ಕೊಂಡೆ?"

ಅವಳು ಅವನ ಎಡಭುಜಕ್ಕೆ ಹಣೆ ಒತ್ತಿ ಅತ್ತಳು. ಆಮೇಲೆ ಒಲೆಯ ಸಂಗತಿಯನ್ನೆಲ್ಲ ಹೇಳಿದಳು. ನೋವಾಗಿರಬೇಕು ಎಂದು ಅವನು ಮೆಲ್ಲಗೆ ಅಂದ. ಅವಳು ಕಣ್ಣೊರೆಸಿಕೊಂಡು, ನಾಳೆ ಬೆಳಿಗ್ಗೆಗೆ ಕೆಲಸದ ಬಟ್ಟೆ ಇಸ್ತ್ರಿ ಮಾಡಬೇಕು ಎಂದುಕೊಂಡಳು. ಸೂಪು ಬಿಸಿ ಮಾಡುತ್ತೇನೆ, ಮೇಲೆ ಹೋಗೋಣ ಎಂದು ಸ್ವಿಚ್ಚಿಗೆ ಕೈ ಹಾಕಿದಳು.

ನಾರ್ಬರ್ಟ್‌ನ ಬಲಗೈ ಥಟ್ಟನೆ ಬಂದು ಎಡಗೈಯನ್ನು ಚೆಂಡಿನ ಮೇಲೆ ಒತ್ತಿ ಹಿಡಿಯಿತು.

"ಆರಿಸಬೇಡ," ಎಂದ. "ಕತ್ತಲಾದ್ರೆ ಈ ಎಡಚ ಮತ್ತೆ ಹೊರಟುಹೋಗ್ತಾನೆ."