ಪ್ಲಿಮತ್ತಿನ ಬಾಗಿಲು

ಹದಿನಾಲ್ಕು ವರ್ಷಗಳ ಹಿಂದೆ, ಮದುವೆಯ ದಿನ, ಎವೆಲಿಯೊ ಹೆಂಡತಿ ನೆರೈದಾಗೆ ಒಂದು ಮಾತು ಕೊಟ್ಟಿದ್ದ: ಈ ಕಾರಿನಲ್ಲಿ ಇನ್ನೆಂದೂ ದನಿ ಎತ್ತುವುದಿಲ್ಲ.

ಹವಾನಾದಲ್ಲಿ ದಾರಿಯುದ್ದಕ್ಕೂ ಜನರನ್ನು ಹತ್ತಿಸಿ ಇಳಿಸುವ ಬಾಡಿಗೆ ಕಾರು ಓಡಿಸುವವನಿಗೆ ಇದು ಸಣ್ಣ ಮಾತಲ್ಲ. ಅವನದು ೧೯೫೩ರ ಪ್ಲಿಮತ್ ಕಾರು. ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಇವನಿಗೆ ಬಂದದ್ದು. ಬಾಗಿಲುಗಳ ಕೀಲುಗಳಿಗೆ ಮೂರು ಸಲ ಬೆಸುಗೆ ಬಿದ್ದಿದೆ. ಹತ್ತುವವರೂ ಇಳಿಯುವವರೂ ಅವನ್ನು ಧಡಾರೆಂದು ಬಡಿಯುತ್ತಾರೆ. ಊರಿನ ಉಳಿದ ಡ್ರೈವರುಗಳೆಲ್ಲ ಗಂಟಲು ಹರಿಯುವಂತೆ ಬೈಯುತ್ತಾರೆ. ಎವೆಲಿಯೊ ಮಾತ್ರ ಪ್ರತಿ ಹೊಡೆತಕ್ಕೂ ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಗೇರು ಹಾಕುತ್ತಿದ್ದ.

ನೆರೈದಾ ಆ ಮಾತು ತೆಗೆದುಕೊಂಡದ್ದಕ್ಕೆ ಕಾರಣವಿತ್ತು. ಅವಳ ತಾಯಿ ಜೆನೊವೇವಾ ಕೊಲ್ಲಿಯಾಚೆ ರೆಗ್ಲಾದ ಪಡಿತರ ಅಂಗಡಿಯಲ್ಲಿ, ಬಣ್ಣ ಹಚ್ಚಿದ ತುಟಿಗಳಿಂದ, ಮೂವತ್ತು ವರ್ಷ ಇಡೀ ಸಾಲನ್ನು ಗದರಿಸಿದವಳು.

"ಕೂಗಾಟದ ಜೊತೇನೇ ಬಾಳ್ಬೇಕು ಅಂದ್ರೆ ನಮ್ಮಮ್ಮನ ಮನೇನೇ ಸಾಕಿತ್ತು. ನೀನು ಒಂದ್ಸಲ ದನಿ ಎತ್ತು, ಅವತ್ತೇ ನಾನು ಲಾಂಚು ಹತ್ತಿ ರೆಗ್ಲಾಗೆ ಹೊರಟೆ" ಅಂದಿದ್ದಳು.

ಎವೆಲಿಯೊ ಎತ್ತಿರಲಿಲ್ಲ. ಈಗ ಅವಳ ತಲೆ ತಿನ್ನುತ್ತಿದ್ದುದು ಬೇರೆಯೇ.

ಎರಡು ತಿಂಗಳಿಂದ ಅವನು ಕಾರಿನೊಳಗೆ ಕಂಪ್ಯೂಟರ್ ಕಟ್ಟುತ್ತಿದ್ದ. ಯಾವುದೋ ಕಚೇರಿ ಬಿಸಾಡಿದ ಮದರ್‌ಬೋರ್ಡನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಕೂರಿಸಿ ಸೀಟಿನಡಿ ಸೇರಿಸಿದ. ರಸ್ತೆಯ ಗುಂಡಿಗಳಿಗೆ ಹಾರ್ಡ್‌ಡಿಸ್ಕ್ ಸಾಯದಿರಲೆಂದು ಸೈಕಲ್ ಟ್ಯೂಬಿನ ಪಟ್ಟಿಗಳಲ್ಲಿ ತೊಟ್ಟಿಲಿನಂತೆ ತೂಗುಹಾಕಿದ. ಎಂಜಿನ್ ಶುರು ಮಾಡಿದಾಗಲೆಲ್ಲ ಕರೆಂಟು ಕುಸಿದು ಕಂಪ್ಯೂಟರ್ ಆರಿಹೋಗುತ್ತಿತ್ತು. ಅದಕ್ಕೆಂದೇ ಒಂದು ಮೋಟರ್‌ಸೈಕಲ್ ಬ್ಯಾಟರಿ ಬಂತು. ಸತ್ತ ಲ್ಯಾಪ್‌ಟಾಪಿನ ಪರದೆ ಸ್ಟೀರಿಂಗಿನ ಪಕ್ಕ ಏರಿತು. ನಾಲ್ಕೂ ಬಾಗಿಲಿಗೆ ತಂತಿ ಹೋಯಿತು.

"ಬಾಗ್ಲಿಗ್ಯಾಕೆ ತಂತಿ?" ನೆರೈದಾ ಕೇಳಿದಳು.

"ದೀಪಕ್ಕೆ ಕಣೇ."

"ಹಿಂದಿನ ಬಂಪರ್ ಕೆಳಗೆ ಸ್ಪೀಕರ್ ಯಾಕೆ?"

"ಬೀದಿಯವ್ರೂ ನಾಲ್ಕು ಹಾಡು ಕೇಳ್ಲಿ ಬಿಡು."

"ಮತ್ತೆ ಈ ಮೈಕು? ನೀನೇ ಹಾಡೋಕೆ ಹೊರಟಿದೀಯಾ?"

ಎವೆಲಿಯೊ ಕಾರಿನಡಿ ತೂರಿ, ಕೈಯಲ್ಲೇ ಇದ್ದ ಸ್ಪ್ಯಾನರನ್ನು ಹುಡುಕತೊಡಗಿದ.

ಇದನ್ನೂ ಸಹಿಸಬಹುದಿತ್ತು. ಆದರೆ ಮಂಗಳವಾರ ಗ್ಯಾರೇಜಿನಲ್ಲಿ ಎರಡು ಕಾಫಿ ಬಟ್ಟಲು ಸಿಕ್ಕವು. ಒಂದರ ಅಂಚಿಗೆ ತುಟಿಯ ಕೆಂಪು ಅಂಟಿತ್ತು. ನೆರೈದಾ ತುಟಿಗೆ ಏನನ್ನೂ ಹಚ್ಚುವವಳಲ್ಲ. ಮರುದಿನ ಬೆಳಿಗ್ಗೆ ಗಂಡ ಫೋನಿನಲ್ಲಿ ಪಿಸುಗುಡುವುದು ಕಿವಿಗೆ ಬಿತ್ತು: "ನಿನ್ನೇದು ಸಾಕಾಗಿಲ್ಲ. ಇನ್ನೊಂದೇ ಒಂದ್ಸಲ. ನೆರೈದಾಗೆ ಗೊತ್ತಾಗ್ಬಾರ್ದು, ಅಷ್ಟೆ."

ಅವಳು ಲಾಂಚು ಹತ್ತಿ ತಾಯಿಯ ಮುಂದೆ ಹೋಗಿ ಅತ್ತಳು. ಜೆನೊವೇವಾಗೆ ಶೀತವಂತೆ, ಗಂಟಲಿಗೆ ಟವೆಲ್ಲು ಸುತ್ತಿಕೊಂಡು ಜೇನು ನೆಕ್ಕುತ್ತಿದ್ದಳು, ದನಿ ಹೊರಡುತ್ತಿರಲಿಲ್ಲ. ಎಲ್ಲ ಕೇಳಿ, "ಅಷ್ಟೇನು ಕೆಟ್ಟವನಲ್ಲ ಬಿಡೇ ಅವ್ನು" ಎಂದು ಉಸುರಿದಳು.

ಅಳಿಯನ ಜೊತೆ ಮಾತು ಬಿಟ್ಟು ಆರು ವರ್ಷವಾದವಳು ಹೀಗನ್ನುವುದೇ? ಹೆತ್ತವಳೂ ಕೈಬಿಟ್ಟಳೆಂದು ನೆರೈದಾ ಮನೆಗೆ ಬಂದು ಬಟ್ಟೆ ಪೆಟ್ಟಿಗೆ ತುಂಬಿದಳು. ಹೋಗುವ ಮುಂಚೆ ಆ ತುಟಿಗೆಂಪಿನವಳು ಯಾರೆಂದು ಒಮ್ಮೆ ಕಣ್ಣಾರೆ ನೋಡಬೇಕಿತ್ತು.

ಶನಿವಾರ ಮಧ್ಯಾಹ್ನ ತಲೆಗೆ ಬಟ್ಟೆ ಕಟ್ಟಿ, ಕಪ್ಪು ಕನ್ನಡಕ ಹಾಕಿ, ಗಂಡನ ದಾರಿಯ ಮೂಲೆಯಲ್ಲಿ ನಿಂತು ಕೈ ತೋರಿಸಿದಳು. ಪ್ಲಿಮತ್ ನಿಂತಿತು. ಅವನು ತಿರುಗಿ ನೋಡಲಿಲ್ಲ, ಶಿಳ್ಳೆ ಹಾಕುತ್ತಿದ್ದ. ಹದಿನಾಲ್ಕು ವರ್ಷದ ಅಭ್ಯಾಸ, ಬಾಗಿಲನ್ನು ಮೆತ್ತಗೆ ಎಳೆದುಕೊಂಡಳು.

ಪಕ್ಕದಲ್ಲಿ ದಪ್ಪಗಿನ ಒಬ್ಬಾತ ಹುಟ್ಟುಹಬ್ಬದ ಕೇಕನ್ನು ತೊಡೆಯ ಮೇಲೆ ತೆರೆದೇ ಇಟ್ಟುಕೊಂಡು ಕೂತಿದ್ದ. "ಒಳ್ಳೇ ಕೆಲ್ಸ ಮಾಡಿದ್ರಿ ಅಕ್ಕಾ, ಮೆಲ್ಲಗೆ ಹಾಕಿದ್ದು" ಎಂದು ಪಿಸುಗುಟ್ಟಿದ. "ಈ ಕಾರಲ್ಲಿ ಒಬ್ಳಿದಾಳೆ. ಅವಳ ಬಾಯಿಗೆ ಬೀಳ್ಬಾರ್ದು."

ನೆರೈದಾ ಅವನತ್ತ ಬಗ್ಗಿದಳು. "ಡ್ರೈವರ್‌ಗೆ ಏನಾಗ್ಬೇಕು ಅವಳು?"

"ಯಾರಿಗ್ಗೊತ್ತು. ಅವಳು ಬಂದ್ಮೇಲೆ ಮನುಷ್ಯ ಹತ್ತು ವರ್ಷ ಚಿಕ್ಕೋನಾಗಿದಾನೆ. ಶಿಳ್ಳೆ ಕೇಳ್ತಿಲ್ವಾ?"

ಕೇಳುತ್ತಿತ್ತು. ಮುಂದಿನ ಸೀಟಿನಲ್ಲಿದ್ದವರು ಇಬ್ಬರು ಮುದುಕರು. ಅವಳು ಎಲ್ಲಿ? ಮುಂದಿನ ತಿರುವಿನಲ್ಲಿ ಹತ್ತುತ್ತಾಳೋ? ಅಥವಾ ಇಷ್ಟು ಹೊತ್ತಿಗಾಗಲೇ ಮನೆ ಸೇರಿದ್ದಾಳೋ? ತುಂಬಿದ ಪೆಟ್ಟಿಗೆ ಮನೆಯ ಬಾಗಿಲ ಹಿಂದೆ ಕಾದಿತ್ತು. ನೋಡುವುದೂ ಬೇಡ, ಏನೂ ಬೇಡ.

"ಇಲ್ಲೇ ನಿಲ್ಸಿ" ಎಂದು ದನಿ ಬದಲಿಸಿ ಹೇಳಿದಳು.

ಇಳಿದಳು. ಬಾಗಿಲು ಹಿಡಿದಳು. ಹದಿನಾಲ್ಕು ವರ್ಷ ಹೂವಿನಂತೆ ಮುಚ್ಚಿದ ಆ ಬಾಗಿಲನ್ನು, ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಬಡಿದಳು. ಕೇಕು ಅಲುಗಿತು. ಪಕ್ಕದವನು ಕಿವಿ ಮುಚ್ಚಿಕೊಂಡ.

ಬಂಪರಿನ ಕೆಳಗಿನ ಸ್ಪೀಕರಿನಿಂದ ಹೆಂಗಸಿನ ದನಿ ಸಿಡಿಯಿತು. ಬೀದಿಗೆ ಬೀದಿಯೇ ತಿರುಗಿ ನೋಡಿತು.

"ಏಯ್! ನಿಮ್ಮನೆ ಫ್ರಿಜ್ ಬಾಗ್ಲೂ ಹೀಗೇ ಬಡೀತೀಯಾ? ತೆಗಿ. ತೆಗಿ ಅಂದೆ. ಈಗ ಮೆಲ್ಲಗೆ ಹಾಕು."

ನೆರೈದಾಳ ಬೆನ್ನು ತಾನಾಗಿ ನೆಟ್ಟಗಾಯಿತು, ಎಂಟು ವರ್ಷದ ಹುಡುಗಿಯಾಗಿದ್ದಾಗ ಆಗುತ್ತಿದ್ದಂತೆಯೇ. ಅವಳು ಬಾಗಿಲು ತೆಗೆದಳು. ಮೆಲ್ಲಗೆ ಹಾಕಿದಳು. ಕನ್ನಡಿಯಲ್ಲಿ ಎವೆಲಿಯೊನ ಮುಖ ಕಂಡಿತು. ಬಾಯಿ ಮುಚ್ಚಿಯೇ ಇತ್ತು.

ಎವೆಲಿಯೊ ಕೊಟ್ಟ ಮಾತು ಉಳಿಸಿಕೊಂಡಿದ್ದ. ಕೂಗಿದ್ದು ಅವನ ಅತ್ತೆ.