ಗುಬ್ಬಿ ಕೇಳಿದ ಮಫ್ಲರು

"ಗುರುಗಳೇ, ಅಭ್ಯಾಸ ಮಾಡಿ ಮಾಡಿ ನನ್ನ ಕೆನ್ನೆ ಹೇಗಾಗಿದೆ ನೋಡಿ," ಎಂದು ಎಲ್ಲರೂ ಗುಬ್ಬಿ ಎಂದೇ ಕರೆಯುವ ಪುಟ್ಟ ಶಿಷ್ಯೆ ಹೆಮ್ಮೆಯಿಂದ ಮುಖವೆತ್ತಿದಳು. ಕಿವಿಯ ಬುಡದಿಂದ ದವಡೆಯವರೆಗೆ ಬಾವು ತುಂಬಿತ್ತು. ಬಾಗಿಲಲ್ಲಿ ನಿಂತಿದ್ದ ಅವಳ ತಾಯಿ ನಕ್ಕಳು. "ನಿನ್ನೆಯಿಂದ ಅಗಿಯೋಕೂ ಆಗ್ತಿಲ್ಲ, ಮೈ ಬೇರೆ ಸುಡ್ತಿದೆ. ಆದ್ರೂ ಕಾರ್ಯಕ್ರಮದಲ್ಲಿ ಗುರುಗಳ ಮಾನ ಉಳಿಸ್ಬೇಕಂತೆ ಈ ಮಹಾರಾಯ್ತಿ."

ಕೊಳಲಿನ ಗುರುಗಳಿಗೆ ಆ ಬಾವಿನ ಗುರುತು ಹತ್ತಲು ಕ್ಷಣವೂ ಹಿಡಿಯಲಿಲ್ಲ. ಕೆಲವೇ ವಾರಗಳ ಹಿಂದೆ ಅದು ಅವರದೇ ದವಡೆಯಲ್ಲಿತ್ತು. ಇದು ಮಂಗನಬಾವು, ವಿಶ್ರಾಂತಿಯೇ ಇದಕ್ಕೆ ಮದ್ದು, ಲಸಿಕೆ ಹಾಕಿಸದ ಮಕ್ಕಳಿಗೆ ಎಂಜಲಿನಿಂದ, ಕೆಮ್ಮಿನಿಂದ ಸುಲಭವಾಗಿ ಅಂಟುತ್ತದೆ, ಐದು ದಿನ ಪಾಠ ಬೇಡ ಎಂದು ವೈದ್ಯೆ ತಿಳಿಹೇಳಿದ್ದರು. ಆದರೆ ಕಾರ್ಯಕ್ರಮ ಹತ್ತಿರವಿತ್ತು. ಗುರುಗಳು ಮಫ್ಲರು ಸುತ್ತಿಕೊಂಡು, ಹಲ್ಲುನೋವೆಂದು ಸುಳ್ಳು ಹೇಳಿ, ಗುಬ್ಬಿಯ ಕೊಳಲನ್ನೇ ತುಟಿಗಿಟ್ಟು ಸ್ವರ ತೋರಿಸಿ, ಅದನ್ನು ಹಾಗೆಯೇ ಅವಳ ಕೈಗೆ ಮರಳಿಸಿದ್ದರು.

"ಆವತ್ತು ಸುತ್ಕೊಂಡಿದ್ರಲ್ಲ, ಆ ಮಫ್ಲರ್ ಕೊಡ್ತೀರಾ ಗುರುಗಳೇ? ನಾನೂ ನಿಮ್ಮ ಹಾಗೇ ನೋವು ತಡ್ಕೊಂಡು ನುಡಿಸ್ತೀನಿ."

ಒಳಗೆ ಚಾಪೆಯ ಮೇಲೆ ಉಳಿದ ಮಕ್ಕಳು ಸರಿದು ಅವಳಿಗೆ ಜಾಗ ಮಾಡುತ್ತಿದ್ದರು. ಗುರುಗಳು ಗೂಟದಿಂದ ಮಫ್ಲರನ್ನು ತೆಗೆದರು. ಕೊಡಲು ಕೈ ಬರಲಿಲ್ಲ. ತಾಯಿಯ ಮುಖ ನೋಡಲಾರದೆ, ಅದರ ಅಂಚನ್ನೇ ದಿಟ್ಟಿಸುತ್ತ ಹೇಳಿದರು: "ಮಗುನ ಒಳಗೆ ಬಿಡ್ಬೇಡಿ, ತಾಯಿ. ಆವತ್ತು ನನಗಿದ್ದದ್ದು ಹಲ್ಲುನೋವಲ್ಲ."